ಕಂಬಳಿಯ ಮೇಲೆ ಕೂತ ಆಂಪ್ಲಿಫೈಯರ್

ಪಿಕಪ್ ಗಾಡಿಯ ಕ್ಯಾಬಿನ್ನಿನಲ್ಲಿ ಆಂಪ್ಲಿಫೈಯರ್ ಕೂಡಿಸಲು ಒಳ್ಳೆಯ ಜಾಗ ಎಂಬುದೇ ಇಲ್ಲ. ಇರುವುದರಲ್ಲಿ ಕಡಿಮೆ ಕೆಟ್ಟ ಜಾಗವನ್ನು ಹುಡುಕಬೇಕು, ಅಷ್ಟೆ. ಡ್ಯಾಶ್‌ಬೋರ್ಡಿನ ಕೆಳಗಿಟ್ಟರೆ ಡ್ರೈವರನ ಮೊಣಕಾಲಿಗೆ ಬಡಿಯುತ್ತದೆ. ಸೀಟಿನ ಬೆನ್ನ ಹಿಂದಿಟ್ಟರೆ ಗಾಳಿ ಸಿಗುವುದಿಲ್ಲ. ಸೀಟಿನ ಕೆಳಗೆ ಧೂಳಿದ್ದರೂ ಒಂದಿಷ್ಟು ಗಾಳಿಯಾಡುತ್ತದೆ. ನಾನು ಯಾವಾಗಲೂ ಅಲ್ಲಿಂದಲೇ ಯೋಚನೆ ಶುರು ಮಾಡುವವನು, ಆ ಸಲವೂ ಹಾಗೇ ಮಾಡಿದೆ.

ಗಾಡಿ ಗಲಗಲಿಯದು. ಮಾಲೀಕ ಕುರಿ ಸಾಕುವ ಮನೆತನದವನು. ಅಣ್ಣ ಹೊಳೆಯ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ, ತಮ್ಮ ಕುರಿಗಳನ್ನು ಸಂತೆಗೆ ಸಾಗಿಸುತ್ತಿದ್ದ. ಜಮಖಂಡಿಯಲ್ಲಿದ್ದ ನನ್ನ ಗಾಡಿ ವೈರಿಂಗ್ ಅಂಗಡಿಗೆ ಅವನು ಮೊದಲೂ ಬಂದವನೇ. ಆ ದಿನ ಬಂದಾಗ ಪಕ್ಕದ ಸೀಟಿನಲ್ಲಿ ಅವನ ತಾಯಿ ಕೂತಿದ್ದಳು. ಅವಳ ತೊಡೆಯ ಮೇಲೆ ಕಂಬಳಿಯಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿ ನೋಡಿದರೆ ಕಾರಿಗೆ ಹಾಕುವ ಆಂಪ್ಲಿಫೈಯರು. ಸರಕು ಹೇರುವ ಹಿಂದಿನ ಡಬ್ಬದಲ್ಲಿ ಎರಡು ಮೈಕಿನ ಹಾರ್ನುಗಳೂ ಇದ್ದವು.

"ಊರ ಹಿರ್ಯಾರು ನನಗ ಡಂಗುರದ ಕೆಲಸಾ ಹಚ್ಯಾರ್ರಿ ಮಿಸ್ತ್ರಿ," ಎಂದ. "ಹೊಳಿ ಬಂತಂದ್ರ ಹಲಗಿ ಬಾರಿಸಿದ್ದು ತ್ವಾಟದ ಮನಿಗೋಳಿಗೆ ಕೇಳಂಗಿಲ್ಲ. ಗಾಡಿ ಮ್ಯಾಲ ಹಾರ್ನ್ ಹಚ್ಚಿ ದಂಡಿಗುಂಟ ಒದರಕೋತ ಹೋಗು ಅಂದಾರ. ಲಗೂ ಮಾಡ್ರಿ. ಮ್ಯಾಲಿಂದ ನೀರ ಬಿಡತಾರಂತ ಸುದ್ದಿ ಐತಿ, ಅಣ್ಣಾ ಹೊಳ್ಯಾಗ ಅದಾನ."

ನಮ್ಮ ಸೀಮೆಯ ಹೊಳೆಯ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕೃಷ್ಣೆ ನಮ್ಮ ಮಳೆಗೆ ಏರುವವಳಲ್ಲ. ಅತ್ತ ಘಟ್ಟದ ಮೇಲೆ ಮಳೆ ಹೊಡೆಯುತ್ತದೆ, ಇತ್ತ ನಮ್ಮ ನೆತ್ತಿಯ ಮೇಲೆ ಚುರುಚುರು ಬಿಸಿಲು. ಆಕಾಶದಲ್ಲಿ ಒಂದು ಮೋಡವೂ ಇಲ್ಲದಾಗ ದಂಡೆಯಲ್ಲಿದ್ದವನಿಗೆ "ನೀರು ಬರುತ್ತಿದೆ, ಏಳು" ಎಂದರೆ ಅವನು ನಿಮ್ಮನ್ನೇ ಮೇಲೆ ಕೆಳಗೆ ನೋಡುತ್ತಾನೆ. ಮೊಬೈಲು ಎಲ್ಲರ ಕೈಗೆ ಬಾರದ ಕಾಲ ಅದು. ಕುರಿ ಕಾಯುವವನ ಕೈಯಲ್ಲಂತೂ ಇರಲೇ ಇಲ್ಲ.

ಈ ಅಣ್ಣ ಮೇಯಿಸುತ್ತಿದ್ದ ಜಾಗವೂ ಮೋಸದ್ದೇ. ಮುಂದೆ ಹೊಳೆ, ಹಿಂದೆ ಒಂದು ಹಳ್ಳ, ನಡುವೆ ಹುಲ್ಲುಗಾವಲು. ಹೊಳೆ ಏರಿದರೆ ನೀರು ಮೊದಲು ಹಿಂದಿನ ಹಳ್ಳಕ್ಕೆ ಒತ್ತುತ್ತದೆ. ಮುಂದೆ ಹೊಳೆಯನ್ನೇ ನೋಡುತ್ತಾ ಕೂತವನಿಗೆ ಹಿಂದಿನ ದಾರಿ ಮುಚ್ಚಿದ್ದು ಗೊತ್ತೇ ಆಗುವುದಿಲ್ಲ. ಇದನ್ನೆಲ್ಲ ಮಾಲೀಕ ಹೇಳುತ್ತಿದ್ದಾಗ ನನಗೆ ಆಗಲೇ ಹೆದರಿಕೆ. ನನ್ನ ಹುಟ್ಟುಗುಣವೇ ಅದು. ಬೇರೆಯವರು ಹಗ್ಗ ನೋಡಿ ಹಾವೆಂದು ಹೆದರಿದರೆ ನಾನು ಹಗ್ಗದ ಅಂಗಡಿ ನೋಡಿಯೇ ಹೆದರುವವನು.

ಸೀಟಿನ ಕೆಳಗೆ ಅಳತೆ ಹಿಡಿಯುತ್ತಿದ್ದೆ. ತಾಯಿ ಬಗ್ಗಿ ನೋಡಿದಳು.

"ಅಲ್ಲೆ ಯಾಕ ಕೈ ಹಾಕಾಕತ್ತೀ ತಮ್ಮಾ?"

"ಅಲ್ಲೇ ಕುಂಡ್ರಸ್ತೇನ್ರಿ ಯವ್ವಾ. ಛಲೋ ಜಾಗಾ."

"ಮಂದಿ ಕುಂಡಿ ಬುಡಕ?" ಎಂದಳು. "ಇವಾ ಇದರಾಗ ಬೀರಪ್ಪನ ಪದಾ ಹಚ್ಚಾವ ಅದಾನ. ದೇವರ ಪದಾ ಹಾಡೂ ಪೆಟ್ಟಗಿ ಮ್ಯಾಲ ಕುಂಡ್ರತೀರೇನೋ? ಮನ್ಯಾಗ ಡೊಳ್ಳ ನೆಲಕ್ಕ ಇಡಂಗಿಲ್ಲ ನಾವು."

ಮಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಮುಗಿಯಿತು. ತಾಯಿಯ ಮಾತಿಗೆ ಎದುರಾಡುವ ಮನೆಯಲ್ಲ ಅದು. ಹೀಗಾಗಿ ಸೀಟಿನ ಬೆನ್ನ ಹಿಂದೆ, ಕ್ಯಾಬಿನ್ನಿನ ಹಿಂಗೋಡೆಗೆ ಕೂಡಿಸುವುದೆಂದು ಆಯಿತು.

ಗೋಡೆಯ ತಗಡು ತೆಳ್ಳಗೆ, ಅದಕ್ಕೇ ನೇರವಾಗಿ ಬೋಲ್ಟು ಹಾಕಿದರೆ ಗಾಡಿ ಅಲುಗಿದ ಹಾಗೆಲ್ಲ ಹರಿಯುತ್ತದೆ. ಮೊದಲು ಪ್ಲೈವುಡ್ಡಿನ ಹಲಗೆಯೊಂದನ್ನು ಕೊಯ್ದು ನಾಲ್ಕು ಮೂಲೆಗೆ ರಬ್ಬರ್ ಬುಷ್ ಕೊಟ್ಟು ಕೂಡಿಸಿದೆ. ಅದರ ಮೇಲೆ ಆಂಪ್ಲಿಫೈಯರನ್ನು ಅದರ ಅಲ್ಯುಮಿನಿಯಂ ಮೈಯ ಸಾಲು ಏಣುಗಳು ಮೇಲಿಂದ ಕೆಳಕ್ಕೆ ಬರುವಂತೆ ನಿಲ್ಲಿಸಿದೆ. ಏಣುಗಳಿರುವುದೇ ಶಾಖ ಬಿಡಲು. ಬಿಸಿ ಗಾಳಿ ಮೇಲಕ್ಕೆ ಹೋಗುವುದರಿಂದ ಅವು ನಿಂತಿದ್ದರೆ ಮೈ ಬೇಗ ಆರುತ್ತದೆ. ಆರದೆ ಕಾದರೆ ಒಳಗಿನ ರಕ್ಷಣೆ ತಾನಾಗಿ ಕೆಲಸ ನಿಲ್ಲಿಸಿ ಹಸಿರು ದೀಪವನ್ನು ಕೆಂಪು ಮಾಡುತ್ತದೆ.

ಆಮೇಲೆ ಬ್ಯಾಟರಿಯ ದಪ್ಪ ವಯರು. ಬಾನೆಟ್ಟಿನಿಂದ ಕ್ಯಾಬಿನ್ನಿಗೆ ಬರುವ ತೂತಿಗೆ ರಬ್ಬರ್ ತೊಡಿಸಿ ವಯರು ತಂದೆ, ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಜು ಹಾಕಿದೆ.

"ಡಬ್ಬಿಗೇ ಒಂದ ಫ್ಯೂಜ್ ಐತೆಲ್ರಿ, ಮತ್ತ ಯಾಕ?" ಎಂದ ಮಾಲೀಕ.

"ಅದು ಡಬ್ಬಿ ಕಾಯೂದು. ಇದು ಗಾಡಿ ಕಾಯೂದು. ನಡಬರಕ ವಯರ ಸವದು ತಗಡಿಗೆ ತಾಗಿತಂದ್ರ ಡಬ್ಬಿ ಫ್ಯೂಜ್ ಏನ್ ಮಾಡತೈತಿ? ಕ್ಯಾಬಿನ್ ಹೊತ್ತಿದ ಮ್ಯಾಲ ಗೊತ್ತಾಗತೈತಿ."

ಅರ್ಥಿಂಗಿಗೆ ತಗಡಿನ ಬಣ್ಣ ಕೆರೆದು ಬೆಳ್ಳಗೆ ಲೋಹ ಕಾಣುವಂತೆ ಮಾಡಿ ಬಿಗಿದೆ. ಹಾರ್ನುಗಳನ್ನು ಕ್ಯಾಬಿನ್ನಿನ ತಲೆಯ ಮೇಲೆ ಒಂದು ಎಡಕ್ಕೆ, ಒಂದು ಬಲಕ್ಕೆ ಮುಖ ಮಾಡಿ ಕೂಡಿಸಿದೆ. ಮೈಕಿನ ಪುಟ್ಟ ಡಬ್ಬಿಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಕಾರಿನ ಆಂಪ್ಲಿಫೈಯರು ಗುಮ್ಮೆನ್ನುವ ದನಿಗೆ ಮಾಡಿದ್ದು, ಹಾರ್ನಿನ ಪರದೆಗೆ ಗುಮ್ಮು ಆಗುವುದಿಲ್ಲ, ಸುಟ್ಟು ಹೋಗುತ್ತದೆ. ಅದಕ್ಕೇ ದಪ್ಪ ದನಿಯನ್ನು ತಡೆಯುವ ಗುಂಡಿಯನ್ನು ತಿರುಗಿಸಿಟ್ಟೆ. ಡೊಳ್ಳಿನ ಪದ ಹಚ್ಚಿದರೆ ತಗಡು ಬಡಿದ ಹಾಗೆ ಕೇಳಿಸಿತು. ಮಾಲೀಕನ ಮುಖ ಸಪ್ಪಗಾಯಿತು. "ಡೊಳ್ಳ ಎಲ್ಲಿ ಹೋತ್ರಿ?" ಎಂದು ಕೇಳಿದ. "ಡೊಳ್ಳ ಮನ್ಯಾಗ ಬಾರಸ್ರಿ. ಇದು ಒದರಾಕ," ಎಂದೆ.

ಎಂಜಿನ್ ಹಚ್ಚಿದ್ದೇ ತಡ, ಹಾರ್ನಿನೊಳಗಿಂದ ಕುಂಯ್ಯೆನ್ನುವ ಸೀಟಿ ಶುರುವಾಯಿತು. ಎಕ್ಸಿಲೇಟರ್ ಒತ್ತಿದಷ್ಟೂ ಅದೂ ಏರಿತು. ಮೈಕಿನ ದನಿ ತರುವ ಸಿಗ್ನಲ್ಲಿನ ಸಣ್ಣ ವಯರನ್ನು ದಪ್ಪ ವಯರಿನ ಪಕ್ಕದಲ್ಲೇ ತಂದಿದ್ದೆ. ಅದನ್ನೆಲ್ಲ ಕಿತ್ತು ಸಿಗ್ನಲ್ಲನ್ನು ಕ್ಲೀನರನ ಬಾಗಿಲ ಕಡೆಯಿಂದ, ಕರೆಂಟನ್ನು ಡ್ರೈವರನ ಕಡೆಯಿಂದ ಎಳೆಯಬೇಕಾಯಿತು. ಸೀಟಿ ನಿಂತಿತು. ಕಡೆಗೆ ಉಳಿದ ವಯರನ್ನು ಕತ್ತರಿಸದೆ ಸುತ್ತಿ, ಹಲಗೆಯ ಪಕ್ಕದಲ್ಲಿ ಕಟ್ಟಿಟ್ಟೆ.

"ಇಷ್ಟ ಉದ್ದ ಯಾಕ ಬಿಟ್ರಿ? ಹಾವಿನಂಗ ಸುತಗೊಂಡ ಬಿದ್ದೈತಿ," ಎಂದ ಮಾಲೀಕ.

"ನಂದು ಚಟಾ," ಎಂದೆ. ನಾನು ಬನಹಟ್ಟಿಯ ನೇಕಾರರ ಮನೆಯವನು. ಮಗ್ಗದ ಮೇಲೆ ಹರಿದ ಎಳೆಗೆ ಗಂಟು ಹಾಕಬೇಕೆಂದರೆ ತುದಿ ಉದ್ದ ಇರಬೇಕು. ತುದಿ ಗಿಡ್ಡ ಕತ್ತರಿಸಿದವನ ತಲೆಯ ಮೇಲೆ ನಮ್ಮಪ್ಪ ಮೊಟಕುತ್ತಿದ್ದ. ಲೂಮು ಬಿಟ್ಟು ಗಾಡಿಗೆ ಬಂದರೂ ಕೈಯ ಚಾಳಿ ಬಿಟ್ಟಿರಲಿಲ್ಲ.

ಅವರು ಹೋದರು. ಫ್ಯೂಜು ಸರಿಯಾದದ್ದೇ ಹಾಕಿದೆನೇ, ಅರ್ಥಿಂಗ್ ಬೋಲ್ಟು ಬಿಗಿದೆನೇ ಎಂದು ಊಟದ ತಾಟಿನ ಮುಂದೆಯೂ ಅದೇ ಯೋಚನೆ. ಆದರೆ ಮರುದಿನ ಬೆಳಿಗ್ಗೆ ಫೋನಿನಲ್ಲಿ ಬಂದದ್ದು ನಾನು ಎಣಿಸದೆ ಬಿಟ್ಟಿದ್ದ ಸಂಕಟ.

"ಮಿಸ್ತ್ರಿ, ನಿಮ್ಮ ಡಬ್ಬಿ ಒಂದೀಟ ಒದರತೈತಿ, ಕೆಂಪ ದೀಪಾ ಹಚ್ಚತೈತಿ, ಮೂಕ ಆಗತೈತಿ. ಬಿಟ್ಟ ಮತ್ತ ಹಚ್ಚಿದ್ರ ಚಾಲೂ, ಮತ್ತ ಮೂಕ. ನಸಕಿನ್ಯಾಗ ನಾನಽ ಹೋಗಿ ಅಣ್ಣಗ ಹೇಳಿ ಬಂದೇನಿ. ನೀರ ಬರಲಿ, ನೋಡೇ ಏಳತೇನಿ ಅಂತಾನ. ಹುಲ್ಲ ಛಲೋ ಐತಂತ. ಈಗ ಚಿಕ್ಕಪಡಸಲಗಿ ಬ್ಯಾರೇಜ್ ಮ್ಯಾಲ ನೀರ ಹಾಯಾಕತ್ತೈತಿ ಅಂತ ಫೋನ್ ಬಂದೈತ್ರಿ. ಬರ್ರಿ, ಕೈ ಮುಗಿತೇನಿ."

ಚಿಕ್ಕಪಡಸಲಗಿ ದಾಟಿದ ನೀರು ಗಲಗಲಿಗೆ ಬರಲು ಬಹಳ ಹೊತ್ತು ಬೇಡ. ಮೀಟರು, ಸ್ಪ್ಯಾನರು, ಟೇಪು ಚೀಲಕ್ಕೆ ತುಂಬಿ ನನ್ನ ಮೋಟಾರ್ ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಬಡಿಯುತ್ತಿತ್ತು, ಒಬ್ಬನ ಮುಖದಲ್ಲೂ ಅವಸರವಿರಲಿಲ್ಲ. ಇಡೀ ಸೀಮೆಯಲ್ಲಿ ನನಗೊಬ್ಬನಿಗೇ ನೀರು ಕಾಣುತ್ತಿದೆಯೇನೋ ಎನ್ನಿಸುತ್ತಿತ್ತು.

ಪಿಕಪ್ಪು ಊರ ಹೊರಗೆ ಬೇವಿನ ಮರದ ಕೆಳಗೆ ನಿಂತಿತ್ತು. ತಾಯಿ ಕ್ಯಾಬಿನ್ನಿನಲ್ಲೇ ಕೂತಿದ್ದಳು. ಮಗ ಬೇಡವೆಂದರೂ ಇಳಿದಿರಲಿಲ್ಲವಂತೆ. ಮೊದಲು ಹಾರ್ನಿನ ವಯರುಗಳನ್ನು ನೋಡಿದೆ, ಎಲ್ಲೂ ತಾಗಿರಲಿಲ್ಲ. ಬ್ಯಾಟರಿ ಮೀಟರಿನಲ್ಲಿ ಸರಿಯಾಗಿ ತೋರಿಸಿತು. ಫ್ಯೂಜು ಗಟ್ಟಿ, ಅರ್ಥಿಂಗ್ ಗಟ್ಟಿ. ನನ್ನ ಕೆಲಸದಲ್ಲಿ ತಪ್ಪು ಸಿಗಲಿಲ್ಲ ಎಂದು ಸಮಾಧಾನವಾಗಬೇಕಿತ್ತು. ಕಾರಣ ಸಿಗಲಿಲ್ಲವಲ್ಲ ಎಂದು ಇನ್ನೂ ಗಾಬರಿಯಾಯಿತು. ಉಳಿದದ್ದು ಶಾಖ ಒಂದೇ. ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿದೆ.

ಆಂಪ್ಲಿಫೈಯರ್ ಕಾಣಲೇ ಇಲ್ಲ. ಕರಿ ಕಂಬಳಿಯೊಂದನ್ನು ಎರಡು ಸುತ್ತು ಸುತ್ತಿ, ಉಣ್ಣೆಯ ಹುರಿಯಿಂದ ಬಿಗಿದು, ಮೇಲೆ ದೇವರ ಅರಿಶಿನದ ಭಂಡಾರ ಎರಚಿದ್ದರು. ಒಳಗೆ ಕೈ ತೂರಿಸಿದೆ. ರೊಟ್ಟಿ ಹಂಚಿನಂತೆ ಸುಟ್ಟಿತು.

"ಯಾರ್ರಿ ಇದನ್ನ ಮಾಡಿದವ್ರು?" ನನ್ನ ದನಿ ಏರಿತ್ತು.

"ನಾನಽ," ಎಂದಳು ತಾಯಿ. "ಡೊಳ್ಳಿಗೆ ಹೊಚ್ಚಂಗಿಲ್ಲೇನ? ದನಿ ಕೊಡೂ ವಸ್ತು ಬರೇ ಮೈಲೆ ಇರಬಾರದು. ಪೂಜಿ ಮಾಡಿ ಹೊಚ್ಚೇನಿ."

"ಯವ್ವಾ, ಇದರಿಂದನಽ ಅದು ಮೂಕ ಆಗಾಕತ್ತೈತಿ. ತಗೀರಿ ಮೊದಲ."

ನಾನು ಹುರಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಕುರಿಯ ಕಾಲು ಹಿಡಿದು ಪಳಗಿದ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ.

"ತಗೀಬ್ಯಾಡ ತಮ್ಮಾ. ನನ್ನ ಹಿರ್ಯಾ ಮಗಾ ಹೊಳ್ಯಾಗ ಅದಾನ. ಬೀರಪ್ಪಗ ಹೊಚ್ಚಿದ ಕಂಬಳಿ ಇವತ್ತಽ ತಗದರ, ಅವಗೇನರ ಆದ್ರ, ನಾ ಯಾರ ಮುಂದ ಅಳ್ಳಿ?"

ಮಗ ಸ್ಟೇರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದ. ಅವನಿಗೆ ನನ್ನ ಮಾತೂ ಖರೆ, ಅವ್ವನ ಮಾತೂ ಖರೆ. ನಾನು ಸಿಟ್ಟಿನಲ್ಲಿ ಏನೋ ಅನ್ನಲಿದ್ದೆ. ಅವಳ ಕಣ್ಣು ನೋಡಿದೆ. ನನಗಿದ್ದ ಭಯವೇ ಅಲ್ಲಿಯೂ ಇತ್ತು. ಮಗನ ಜೀವ ಉಳಿಸಲೆಂದು ಅವಳು ಹೊದಿಸಿದ್ದಳು, ಅದೇ ಜೀವಕ್ಕಾಗಿ ನಾನು ತೆಗೆಯಬೇಕಿತ್ತು.

ಇನ್ನೂ ಒಂದು ಸಂಗತಿ ನನ್ನನ್ನು ತಿನ್ನುತ್ತಿತ್ತು. ಬರೀ ಕಂಬಳಿ ತೆಗೆದರೂ ಸಾಲದು. ಡಬ್ಬಿ ಆಗಲೇ ಕಾದಿದೆ, ಸೀಟಿನ ಹಿಂದೆ ಜ್ಯಾಕು, ಕ್ಯಾನು, ಚೀಲಗಳ ನಡುವೆ ಗಾಳಿ ಸುಳಿಯುವುದಿಲ್ಲ. ತಣಿಯುವವರೆಗೆ ಕಾಯಲು ಹೊಳೆ ಬಿಡಬೇಕಲ್ಲ. ಅದನ್ನು ಕಿಟಕಿಯ ಗಾಳಿಗೆ ತರಬೇಕಿತ್ತು. ಗೋಡೆಯಿಂದ ಬಿಚ್ಚಿ ಮುಂದೆ ತಂದರೆ ಹಿಡಿಯುವವರು ಯಾರು?

"ಯವ್ವಾ, ಕಂಬಳಿ ಬ್ಯಾಡ ಅನ್ನಂಗಿಲ್ಲ ನಾ," ಎಂದೆ. "ಅದಕ್ಕ ಉಸಿರ ಕಟ್ಟಾಕತ್ತೈತಿ. ಉಸಿರಾಡಾಕ ಜಾಗಾ ಬೇಕು, ಅಷ್ಟಽ."

ಅವಳು ನನ್ನ ಮಣಿಕಟ್ಟು ಬಿಟ್ಟಳು. ಆಮೇಲೆ ತಾನೇ ಹುರಿಯ ಗಂಟಿಗೆ ಕೈ ಹಾಕಿದಳು.

"ಹಂಗಾರ ಗದ್ದಿಗಿ ಹಾಕೂಣು," ಎಂದಳು. "ದೇವರ ಕಂಬಳಿ ಹೊತ್ತಗೊಂಡೂ ಇರತಾನ, ಕಂಬಳಿ ಮ್ಯಾಲ ಕುಂತೂ ಇರತಾನ. ಕೊಡು ಇಲ್ಲೆ, ನನ್ನ ತೊಡಿ ಮ್ಯಾಲ."

ನಾನು ಸ್ಕ್ರೂಗಳನ್ನು ಬಿಚ್ಚಿದೆ. ಸುತ್ತಿಟ್ಟಿದ್ದ ವಯರು ಬಿಚ್ಚಿ ಎಳೆದರೆ ಸೀಟಿನ ಮೇಲಿನಿಂದ ಅವಳ ಮಡಿಲ ತನಕ ಸರಿಯಾಗಿ ಬಂತು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಹಾಸಿಕೊಂಡಳು. ಅದರ ಮೇಲೆ ಏಣುಗಳು ಮೇಲೆ ಬರುವಂತೆ ಆಂಪ್ಲಿಫೈಯರನ್ನು ಇಟ್ಟೆ. ಅಷ್ಟರಲ್ಲಿ ಅವಳ ಕೈಯ ಬೆಳ್ಳಿ ಕಡಗ ಕಣ್ಣಿಗೆ ಬಿತ್ತು. ಕರೆಂಟಿನ ತುದಿ, ಅರ್ಥಿಂಗಿನ ತುದಿ ಎರಡೂ ಅಕ್ಕಪಕ್ಕ. ಕಡಗ ಎರಡಕ್ಕೂ ತಾಗಿದರೆ ಕಿಡಿ ಹಾರಿ ಕಡಗವೇ ಕಾದು ಕೈಗೆ ಬರೆ ಎಳೆಯುತ್ತದೆ. ತೆಗೆಯಿರಿ ಎಂದರೆ ಮದುವೆಯಲ್ಲಿ ಹಾಕಿದ್ದು, ಬರುವುದಿಲ್ಲ ಎಂದಳು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನ ಹಾಗೆ ಚೀಲವೆಲ್ಲ ತಡಕಿ, ಸೈಕಲ್ ಟ್ಯೂಬಿನ ತುಂಡೊಂದನ್ನು ಸೀಳಿ ಎರಡೂ ತುದಿಗಳ ಮೇಲೆ ಬಿಗಿದು ಟೇಪು ಸುತ್ತಿದೆ.

"ಅಂಚ ಹಿಡೀರಿ. ಈ ಏಣುಗೋಳಿಗೆ ಕೈ ಹಚ್ಚಬ್ಯಾಡ್ರಿ, ಕಾಯತೈತಿ. ಈ ವಯರಿಗಂತೂ ಹಚ್ಚಲೇಬ್ಯಾಡ್ರಿ," ಎಂದು ಹೇಳಿದ್ದನ್ನೇ ಮತ್ತೆ ಹೇಳಿದೆ.

"ಮಗಾ ಹಡದಾಕಿಗೆ ಕೂಸು ಹಿಡಿಯೂದ ಕಲಸ್ತೀಯೇನು? ನಡಿ," ಎಂದಳು.

ನಾನು ಹಿಂದಿನ ಡಬ್ಬದಲ್ಲಿ ನಿಂತು, ಹಿಂದಿನ ಕಿಟಕಿಯಿಂದ ದೀಪದ ಮೇಲೆಯೇ ಕಣ್ಣಿಟ್ಟೆ. ಗಾಡಿ ದಂಡೆಯ ದಾರಿಗೆ ಇಳಿಯಿತು. ಮಗ ಒಂದು ಕೈಯಲ್ಲಿ ಮೈಕು ಹಿಡಿದು, "ಹೊಳಿ ಬರಾಕತ್ತೈತಿ, ಮೋಟಾರ ಎತ್ತಕೋರಿ, ದನಾ ಕರಾ ಮ್ಯಾಲ ಹೊಡಕೋರಿ," ಎಂದು ಒದರುತ್ತಾ ಹೋದ. ಒಬ್ಬಿಬ್ಬರು ಆಕಾಶ ನೋಡಿ ನಕ್ಕರು. ಒಬ್ಬ ಮಾತ್ರ ಹೊಳೆಯ ಮೋಟಾರಿನ ಕಡೆ ಓಡಿದ. ಅವನನ್ನು ನೋಡಿ ಉಳಿದವರೂ ಎದ್ದರು. ದೀಪ ಹಸಿರಾಗಿಯೇ ಇತ್ತು. ಗಾಡಿ ಕುಣಿಯಲ್ಲಿ ಬಿದ್ದಾಗಲೆಲ್ಲ ನನ್ನ ಎದೆಯೂ ಬೀಳುತ್ತಿತ್ತು. ಅವಳ ಮಡಿಲಿನಲ್ಲಿ ಡಬ್ಬಿ ಅಲುಗುತ್ತಿರಲಿಲ್ಲ.

ದಾರಿ ಮುಗಿದ ಕಡೆ ದಿಬ್ಬದ ಮೇಲೆ ನಿಂತೆವು. ಕೆಳಗೆ ಹಳ್ಳ, ಅದರಾಚೆ ಹುಲ್ಲುಗಾವಲಿನಲ್ಲಿ ಕುರಿಗಳು, ಅವುಗಳ ತುದಿಯಲ್ಲಿ ಹೊಳೆಗೆ ಮುಖ ಮಾಡಿ ನಿಂತ ಅಣ್ಣ. ಹೊಳೆ ಇನ್ನೂ ದಂಡೆಯೊಳಗೇ ಇತ್ತು. ಆದರೆ ಹಳ್ಳದ ಒಣ ಹಾಸಿನಲ್ಲಿ ಕೆಂಪು ನೀರು ನೊರೆ ಕಟ್ಟಿಕೊಂಡು ಮೇಲ್ಮುಖವಾಗಿ ಏರುತ್ತಿತ್ತು. ಸದ್ದೇ ಇಲ್ಲ.

"ಅಣ್ಣಾ! ಹೊಳಿ ಬಂತೋ! ಏಳೋ!" ತಮ್ಮ ಗಂಟಲು ಹರಿಯುವಂತೆ ಕೂಗಿದ. ಅಣ್ಣ ನಮ್ಮ ಕಡೆ ತಿರುಗಿ ಕೈ ಬೀಸಿದ, ಹೊಳೆಯ ಕಡೆ ಬೊಟ್ಟು ಮಾಡಿ ತೋರಿಸಿದ. ಎಲ್ಲಿ ಬಂದಿದೆ, ನೋಡುತ್ತಲೇ ಇದ್ದೇನಲ್ಲ ಎಂದು ಅದರ ಅರ್ಥ. ಅವನು ನಿಂತಲ್ಲಿಂದ ಹಳ್ಳದ ತಳ ಕಾಣುತ್ತಿರಲಿಲ್ಲ. ತಮ್ಮ ಮತ್ತೆ ಅದನ್ನೇ ಕೂಗಿದ. ಹೊಳಿ, ಹೊಳಿ. ಅಣ್ಣ ಮತ್ತೆ ಹೊಳೆಯನ್ನೇ ನೋಡಿದ.

"ತಾ ಇಲ್ಲೆ," ಎಂದು ತಾಯಿ ಮಗನ ಕೈಯಿಂದ ಮೈಕು ಕಿತ್ತುಕೊಂಡಳು. ಮೈಕು ಹಿಡಿಯಲು ಒಂದು ಕೈ ಬೇಕು. ಉಳಿದ ಒಂದೇ ಕೈಯನ್ನು ಡಬ್ಬಿಯ ಮೇಲೆ ಹಾಕಿ ಅದನ್ನು ಹೊಟ್ಟೆಗೆ ಒತ್ತಿ ಹಿಡಿದಳು. ನಾನು ಹಿಂದಿನಿಂದ, "ಏಣುಗೋಳಿಗೆ ಕೈ ಬ್ಯಾಡ್ರಿ ಯವ್ವಾ!" ಎಂದು ಚೀರಿದೆ. ಹಾರ್ನಿನ ದನಿಯಲ್ಲಿ ನನ್ನ ದನಿ ಅವಳಿಗೆ ಕೇಳಲಿಲ್ಲ ಎಂದುಕೊಂಡೆ.

"ಹಿರ್ಯಾ! ಹೊಳಿ ಬಿಡು! ಹಿಂದ ನೋಡೋ ಯಪ್ಪಾ! ಹಳ್ಳಾ ನೋಡು! ಹಿಂದ ನೋಡು ನನ್ನಪ್ಪಾ!"

ಅಣ್ಣ ತಿರುಗಿದ. ನಾಲ್ಕು ಹೆಜ್ಜೆ ಹಳ್ಳದ ಕಡೆ ಬಂದ. ನಿಂತ. ಆಮೇಲೆ ಅವನು ಓಡಿದ್ದನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಗಂಟೆ ಕಟ್ಟಿದ ಟಗರನ್ನು ಕೊರಳು ಹಿಡಿದು ನೀರಿಗೆ ನೂಕಿದ, ಅದರ ಹಿಂದೆ ಹಿಂಡು ಒತ್ತೊತ್ತಾಗಿ ಇಳಿಯಿತು. ಮರಿಗಳನ್ನು ತನ್ನ ಕಂಬಳಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡ. ನೀರು ಮೊಣಕಾಲಿಗೆ ಇತ್ತು, ಕಡೆಯ ಕುರಿಗಳು ಬರುವಾಗ ಸೊಂಟಕ್ಕೆ ಬಂದಿತ್ತು. ತಮ್ಮ ಕೆಳಗೆ ಓಡಿ ಒಂದೊಂದನ್ನೇ ಕೊಂಬು, ಕಿವಿ ಸಿಕ್ಕಿದ್ದು ಹಿಡಿದು ಎಳೆದ. ನಾನೂ ಇಳಿದೆ. ಅಷ್ಟು ಹೊತ್ತೂ ಮೇಲಿನಿಂದ ಅವಳ ದನಿ ನಿಲ್ಲಲಿಲ್ಲ. ಎಡಕ್ಕ ಬಾ, ಅಲ್ಲೆ ಮಡುವೈತಿ, ಕಲ್ಲಿನ ಮ್ಯಾಲ ಕಾಲಿಡು ಎಂದು ದಾರಿ ಹೇಳುತ್ತಲೇ ಇದ್ದಳು. ದೀಪ ಕೆಂಪಾಗಲಿಲ್ಲ.

ಎಲ್ಲ ದಿಬ್ಬ ಹತ್ತಿದ ಮೇಲೆ ಹಿರಿಯ ಮಗ ಒದ್ದೆ ಮೈಯಲ್ಲೇ ಕ್ಯಾಬಿನ್ನಿನ ಬಾಗಿಲ ಬಳಿ ಬಂದು ನಿಂತ. ತಾಯಿ ಅವನ ಕೆನ್ನೆಗೆ ಒಂದು ಬಾರಿಸಿದಳು, ಆಮೇಲೆ ಅದೇ ಕೆನ್ನೆ ಸವರಿದಳು. ಬಾರಿಸಿದ್ದೂ ಸವರಿದ್ದೂ ಎಡಗೈಯಿಂದ. ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾನು ಬಿಡಿಸಿ ನೋಡಿದೆ. ಅಂಗೈಯ ಮೇಲೆ ಏಣುಗಳ ಗೆರೆ ಗೆರೆಯೇ ಎದ್ದು ಬೊಬ್ಬೆಗಳು ಬಂದಿದ್ದವು. ನನಗೆ ಅಳು ಬಂತು, ತಡೆಯಲಿಲ್ಲ.

"ಹೇಳಿದ್ದೆ ನಿಮಗ, ಹೇಳಿದ್ದೆ," ಎಂದೆ.

"ಕೇಳಿತ್ತು," ಎಂದಳು.

ಹೊಳೆ ಇಳಿದ ಮೇಲೆ ಗಾಡಿ ಮತ್ತೆ ನನ್ನ ಅಂಗಡಿಗೆ ಬಂತು. ಎರಡು ಸೀಟುಗಳ ನಡುವೆ ಕಬ್ಬಿಣದ ಪಟ್ಟಿಯಿಂದ ಸಣ್ಣದೊಂದು ಪೀಠ ಮಾಡಿದೆ. ಮೇಲೆ ಕಂಬಳಿಯ ತುಂಡು, ಅದರ ಮೇಲೆ ಆಂಪ್ಲಿಫೈಯರು, ಸುತ್ತ ಗಾಳಿಯಾಡಲು ಬಿಡುವು, ಯಾರೂ ಮೇಲೆ ಕೂರದಂತೆ ಒಂದು ಕಂಬಿ. ತಾಯಿಯೂ ಬಂದಿದ್ದಳು. ಬಲ ಅಂಗೈಗೆ ಭಂಡಾರ ಬಳಿದುಕೊಂಡಿದ್ದಳು. ಬೋಲ್ಟುಗಳನ್ನೆಲ್ಲ ಬಿಗಿದೆ. ಪೀಠ ಹತ್ತಿರ ಬಂದದ್ದರಿಂದ ವಯರು ಮೊದಲಿಗಿಂತಲೂ ಹೆಚ್ಚು ಉಳಿದಿತ್ತು. ಕಾಲಿಗೆ ತೊಡರೀತು ಎಂದು ಕತ್ತರಿಸಲು ಕಟ್ಟರ್ ತೆಗೆದೆ.

"ಅದನ್ನ ಮುಟ್ಟಬ್ಯಾಡ," ಎಂದಳು. "ನೀ ಗಟ್ಟಿ ಕುಂಡ್ರಸೀದಿ, ಖರೆ. ವಯರ ಮಾತ್ರ ನನ್ನ ತೊಡಿತನಕ ಬರ್ಲಿ."

ಕಟ್ಟರನ್ನು ಜೇಬಿಗಿಟ್ಟು, ವಯರು ಸುತ್ತಿ ಕಟ್ಟಿದೆ.